ಟರ್ಬೊ ಕಾರು ರಸ್ತೆಗಿಳಿದದ್ದು 1962ರಲ್ಲೇ

ಮಾನ್ಯರೇ,

ಹೊರಹೋಗುವ ಹೊಗೆಯ ಬಲದಿಂದ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಕುರಿತ ನಿಮ್ಮ ವಾಹನ ಪುಟದ ಲೇಖನ 1973ರ ಬಿಎಂಡಬ್ಲ್ಯು 2002 ಟರ್ಬೊದಿಂದ ಶುರುವಾಗಿದೆ. ಅದಕ್ಕೂ ಹನ್ನೊಂದು ವರ್ಷ ಮೊದಲೇ ಅಮೆರಿಕದ ಜನರಲ್ ಮೋಟಾರ್ಸ್ ಇಂಥ ಎರಡು ಕಾರುಗಳನ್ನು ಮಾರಾಟಕ್ಕೆ ಬಿಟ್ಟಿತ್ತು: ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕೋರ್ವೇರ್ ಮೊಂಜಾ ಸ್ಪೈಡರ್.

ಜೆಟ್‌ಫೈರ್‌ನದು 215 ಘನ ಇಂಚಿನ, ಅಂದರೆ ಸುಮಾರು 3.5 ಲೀಟರಿನ ಅಲ್ಯೂಮಿನಿಯಂ ವಿ8. ಶಕ್ತಿಯೂ 215 ಎಚ್‌ಪಿ. ಟರ್ಬೊ ಕೂರಿಸುವಾಗ ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ) ಇಳಿಸುವುದು ವಾಡಿಕೆ. ಓಲ್ಡ್ಸ್‌ಮೊಬೈಲ್ ಅದನ್ನು 10.25:1ರಲ್ಲೇ ಉಳಿಸಿ, ನಾಕ್, ಅಂದರೆ ಇಂಧನ ಅಕಾಲದಲ್ಲಿ ಸಿಡಿಯುವುದನ್ನು ತಡೆಯಲು ನೀರು-ಮೆಥನಾಲ್ ಮಿಶ್ರಣವನ್ನು ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದಾಗ ಒಳಕ್ಕೆ ಬಿಟ್ಟಿತು. ಹೆಸರು ಟರ್ಬೊ ರಾಕೆಟ್ ಫ್ಲೂಯಿಡ್! ಅದು ಮುಗಿದರೆ ಕವಾಟವೊಂದು ಬೂಸ್ಟನ್ನು ತಡೆಯುತ್ತದೆ. ಎಂಜಿನ್ ಉಳಿಯುತ್ತದೆ, ಎಳೆತ ಹೋಗುತ್ತದೆ. ಎಷ್ಟೋ ಮಾಲೀಕರು ತುಂಬಿಸುವ ಗೋಜಿಗೇ ಹೋಗದೆ ಕಾರನ್ನು ದೂರಿದರು. ಕೊನೆಗೆ ಕಂಪನಿಯೇ ಟರ್ಬೊ ಕಳಚಿ ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್ (ಪೆಟ್ರೋಲು, ಗಾಳಿ ಬೆರೆಸುವ ಭಾಗ) ಹಾಕಿಕೊಟ್ಟಿತು. ಎರಡು ವರ್ಷಗಳಲ್ಲಿ ತಯಾರಾದದ್ದೇ ಹತ್ತು ಸಾವಿರದೊಳಗೆ. ಮೂಲ ಟರ್ಬೊ ಉಳಿದ ಕಾರು ಇಂದು ಅಪರೂಪವಾಗಿರುವುದು ಇದರಿಂದಲೇ.

ಅಭಿಮಾನಿಗಳ ಒಲವೆಲ್ಲ ಅದೇ ಜನರಲ್ ಮೋಟಾರ್ಸ್‌ನ ಟರ್ಬೊ ಕಾರಾದ 1987ರ ಬ್ಯೂಕ್ ಜಿಎನ್‌ಎಕ್ಸ್ ಕಡೆಗಿದೆ. 547 ಕಾರುಗಳು, 276 ಎಚ್‌ಪಿ, ಅಡಿಯಿಂದ ಮುಡಿಯವರೆಗೆ ಕಪ್ಪು, ಒಪ್ಪತಕ್ಕದ್ದೇ. ಆದರೆ ಅದರಲ್ಲಿ ಗಾಳಿ ತಣಿಸುವ ಇಂಟರ್‌ಕೂಲರ್ ಮತ್ತು ನಾಕ್ ಪತ್ತೆಹಚ್ಚುವ ಸೆನ್ಸರ್ ಮಾಡುವ ಕೆಲಸವನ್ನು ಜೆಟ್‌ಫೈರ್‌ನಲ್ಲಿ ಆ ದ್ರವವೊಂದೇ ಮಾಡಬೇಕಿತ್ತು.

ಕೋರ್ವೇರ್ ದಾರಿಯೇ ಬೇರೆ. 8:1 ಕಂಪ್ರೆಷನ್, 150 ಎಚ್‌ಪಿ, ವೇಸ್ಟ್‌ಗೇಟ್ (ಹೆಚ್ಚಿನ ಹೊಗೆಯನ್ನು ಟರ್ಬೊಗೆ ತಾಗದಂತೆ ಹೊರಬಿಡುವ ಕವಾಟ) ಇಲ್ಲವೇ ಇಲ್ಲ. ಬೂಸ್ಟಿಗೆ ಮಿತಿ ಹಾಕುವುದರಲ್ಲಿ ಸೈಲೆನ್ಸರಿನ ಅಡೆತಡೆಗೂ ಪಾಲಿದೆ. ಸದ್ದು ಚೆನ್ನಾಗಿರಲೆಂದು ಅದನ್ನು ಕಿತ್ತು ನೇರ ಪೈಪ್ ಹಾಕಿದರೆ ಬೂಸ್ಟ್ ಮಿತಿಮೀರಿ ಪಿಸ್ಟನ್‌ಗೆ ತೂತು ಬೀಳಬಹುದು.

ಈ ಹಳೆಯ ಕಾರುಗಳನ್ನು ಕೊಳ್ಳುವವರು ಇನ್ನೆರಡು ಕಡೆ ನೋಡಬೇಕು. ಎರಡೂ ಕಾರುಗಳಲ್ಲಿ ಕಾರ್ಬ್ಯುರೇಟರ್ ಟರ್ಬೊಗಿಂತ ಮೊದಲು ಬರುತ್ತದೆ. ಅದರ ಥ್ರಾಟಲ್ (ಗಾಳಿಯ ಬಾಗಿಲು) ಮುಚ್ಚಿದಾಗ ಟರ್ಬೊದ ಗಾಳಿ ಒತ್ತುವ ಭಾಗವಾದ ಕಂಪ್ರೆಸರಿನಲ್ಲಿ ನಿರ್ವಾತ ಉಂಟಾಗಿ, ಸವೆದ ಸೀಲ್ ದಾಟಿ ಬೇರಿಂಗಿನ ಎಣ್ಣೆ ಒಳಬರುತ್ತದೆ. ಐಡ್ಲಿಂಗ್‌ನಲ್ಲಿ ನೀಲಿ ಹೊಗೆ ಕಂಡೊಡನೆ ಪಿಸ್ಟನ್ ರಿಂಗ್ ಬದಲಿಸಲು ಹೊರಡಬೇಡಿ, ಮೊದಲು ಆ ಸೀಲ್ ಪರೀಕ್ಷಿಸಿ. ಇನ್ನೊಂದು, ಕೋರ್ವೇರ್ ಡಿಸ್ಟ್ರಿಬ್ಯೂಟರಿನ (ಕಿಡಿ ಹಂಚುವ ಭಾಗ) ಡಯಾಫ್ರಾಮ್, ಅಂದರೆ ತೆಳು ಪೊರೆ. ಬೂಸ್ಟ್ ಬಂದಾಗ ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಕ್ಷಣವನ್ನು, ತಡಮಾಡುವುದು ಇದೇ. ಹರಿದಿದ್ದರೆ ಐಡ್ಲಿಂಗ್‌ನಲ್ಲಿ ಸುಳಿವೇ ಸಿಗದು. ಕೈಪಂಪಿನಿಂದ ತುಸು ಗಾಳಿಯ ಒತ್ತಡ ಕೊಟ್ಟು, ಅದು ನಿಲ್ಲುತ್ತದೆಯೇ ಎಂದು ನೋಡಿದ ಮೇಲಷ್ಟೇ ದರದ ಮಾತು.

– ಓದುಗ, ಮೈಸೂರು