ಕೌನಾಸಿನ ಕಾಗದಗಳು: ಯುವ ಲೇಖಕಿಗೊಂದು ಪತ್ರ

ಪ್ರೀತಿಯ ತಂಗೀ,

1940ರಲ್ಲಿ ಲಿಥುವೇನಿಯದ ಕೌನಾಸಿನಲ್ಲಿ ಜಪಾನಿನ ಕಾನ್ಸುಲ್ ಆಗಿದ್ದು, ಓಡಿಬಂದ ಯಹೂದಿಗಳಿಗೆ ವೀಸಾ ಕೊಟ್ಟ ಚಿಯುನೆ ಸುಗಿಹಾರನ ಮೇಲೆ ನೀನು ಬರೆದ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಜೊತೆಗಿದ್ದ ಚೀಟಿಯನ್ನೂ ಓದಿದೆ. ಮುಖಪುಟದ ಮೇಲೆ ‘ಆರು ಸಾವಿರ ಜೀವ ಉಳಿಸಿದವನು’ ಎಂದು ಹಾಕದಿದ್ದರೆ ಪುಸ್ತಕ ಯಾರೂ ಮುಟ್ಟುವುದಿಲ್ಲವೆಂದು ಯಾರೋ ಹೇಳಿದರಂತೆ, ದಾಖಲೆ ನೋಡಿದರೆ ಅಷ್ಟು ಸಿಗುತ್ತಿಲ್ಲವಂತೆ, ಹಾಗಾಗಿ ಬರೆಯುವುದನ್ನೇ ಬಿಡುತ್ತೀಯಂತೆ. ಬಿಡಬೇಡ. ಸಂಖ್ಯೆಯ ಮೇಲೆ ಅನುಮಾನ ಬಂದ ದಿನವೇ ನೀನು ಲೇಖಕಿಯಾದೆ. ಅಧ್ಯಾಯ ಎಷ್ಟುದ್ದ ಇರಬೇಕು, ಪ್ರಕಾಶಕರು ಯಾರು ಎಂಬುದೆಲ್ಲ ಆಮೇಲಿನ ಮಾತು. ನನ್ನ ತಕರಾರು ಒಂದೇ. ನೀನು ಆ ಮನುಷ್ಯನನ್ನು ಪೂಜಿಸಲು ಕೂತಿದ್ದೀಯ, ಆತ ಕೊಟ್ಟ ವೀಸಾವನ್ನು ಓದಿಲ್ಲ.

ಅದು ಜಪಾನಿನಲ್ಲಿ ನೆಲೆಸಲು ಕೊಟ್ಟ ಪರವಾನಗಿಯಲ್ಲ. ಜಪಾನನ್ನು ಹಾದುಹೋಗಲು ಕೊಟ್ಟ ಟ್ರಾನ್ಸಿಟ್ ವೀಸಾ. ತ್ಸುರುಗಾ ಬಂದರಿನಲ್ಲಿ ಇಳಿದು, ಕೆಲವೇ ದಿನ ಉಳಿದು, ಸುರಿನಾಮ್, ಕುರಸಾವೊ ಮುಂತಾದ ಡಚ್ ವಸಾಹತುಗಳ ಕಡೆಗೆ ಹೊರಟುಬಿಡಬೇಕು. ಹಾದುಹೋಗುವವನಿಗೆ ಹೋಗಿ ಸೇರುವ ಊರೊಂದು ಇರಲೇಬೇಕಲ್ಲ? ಆ ಊರನ್ನು ಕೊಟ್ಟವನು ಯಾನ್ ಜ್ವಾರ್ಟೆಂಡೈಕ್. ಕೌನಾಸಿನಲ್ಲಿ ಫಿಲಿಪ್ಸ್ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದವನು, 1940ರ ಜೂನ್‌ನಲ್ಲಷ್ಟೇ ಡಚ್ ಕಾನ್ಸುಲ್ ಹೊಣೆ ಹೊತ್ತವನು. ನಿನ್ನ ಹಸ್ತಪ್ರತಿಯಲ್ಲಿ ಅವನು ಒಂದು ಅಡಿಟಿಪ್ಪಣಿ! ಇದನ್ನು ನೋಡಿ ನನಗೆ ನಿಜವಾಗಿಯೂ ಸಿಟ್ಟು ಬಂತು.

ಕುರಸಾವೊಗೆ ಹೋಗಲು ವೀಸಾ ಬೇಕಿರಲಿಲ್ಲ. ಆದರೆ ಅಲ್ಲಿ ಇಳಿಯಬೇಕಾದರೆ ಗವರ್ನರನ ಅನುಮತಿ ಬೇಕು, ಅದು ಸಿಗುತ್ತಿದ್ದದ್ದು ಅಪರೂಪ. ರೀಗಾದಲ್ಲಿದ್ದ ಡಚ್ ರಾಯಭಾರಿ ಡೆ ಡೆಕ್ಕರ್ ಇದರಲ್ಲಿ ಮೊದಲ ಮಾತನ್ನು ಬರೆದು ಎರಡನೆಯದನ್ನು ಕೈಬಿಟ್ಟ. ಜ್ವಾರ್ಟೆಂಡೈಕ್ ಆ ಅರ್ಧ ವಾಕ್ಯವನ್ನೇ ಜುಲೈ ಕೊನೆಯಿಂದ ಆಗಸ್ಟ್ 3ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಸಲ ಬರೆದುಕೊಟ್ಟ. ಬರೆದ ಮಾತಿನಲ್ಲಿ ಸುಳ್ಳಿಲ್ಲ, ಬರೆಯದೆ ಬಿಟ್ಟದ್ದು ಜನರನ್ನು ಉಳಿಸಿತು. ವಾಕ್ಯಗಳನ್ನೇ ನಂಬಿ ಬದುಕಲು ಹೊರಟವಳು ನೀನು, ಇಲ್ಲಿ ನಿಲ್ಲದೆ ಮುಂದಕ್ಕೆ ಹೇಗೆ ಹೋದೆ?

ಸುಗಿಹಾರನ ‘ಅವಿಧೇಯತೆ’ಯನ್ನೂ ಹಾಗೆಯೇ ಹತ್ತಿರದಿಂದ ನೋಡು. ಟೋಕಿಯೊದ ಷರತ್ತು ಎರಡು: ಸೇರುವ ದೇಶದ ಪ್ರವೇಶಪತ್ರ ಇರಬೇಕು, ದಾರಿಖರ್ಚಿಗೆ ಸಾಕಷ್ಟು ಹಣ ಇರಬೇಕು. ಇವೆರಡೂ ಇಲ್ಲದವರಿಗೂ ಆತ ವೀಸಾ ಕೊಟ್ಟ. ಆಕ್ಷೇಪ ಬಂದಾಗ ಘರ್ಜಿಸಲಿಲ್ಲ. ಹತ್ತಿರದಲ್ಲಿ ಬೇರೆ ದಾರಿಯೇ ಇಲ್ಲ, ಸೋವಿಯತ್ ಪೂರ್ವ ತೀರದ ವ್ಲಾದಿವೊಸ್ತೋಕ್‌ನಲ್ಲಿ ಹಡಗು ಹತ್ತುವುದರೊಳಗೆ ಉಳಿದ ಕಾಗದ ಹೊಂದಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿದ್ದೇನೆ ಎಂಬರ್ಥದ ತಂತಿ ಕಳಿಸಿದ. ಕಚೇರಿಯ ಭಾಷೆಯಲ್ಲೇ ಕಚೇರಿಯನ್ನು ಬಾಗಿಸಿದ ಇಂಥ ಅಧಿಕಾರಿಯನ್ನು ಬಿಟ್ಟು ನೀನು ನಾಟಕದ ನಾಯಕನನ್ನು ತಂದಿದ್ದೀಯ. ‘ಜಪಾನಿನ ಷಿಂಡ್ಲರ್’ ಎಂಬ ಹಣೆಪಟ್ಟಿಯನ್ನೂ ಕಿತ್ತುಹಾಕು. ಯಹೂದಿ ಕೆಲಸಗಾರರನ್ನು ಉಳಿಸಿದ ಷಿಂಡ್ಲರ್ ಕಾರ್ಖಾನೆಯ ಮಾಲೀಕ, ಇವನು ಕಾನ್ಸುಲ್. ಇಬ್ಬರ ಕೈಯಲ್ಲಿದ್ದ ಅಧಿಕಾರವೇ ಬೇರೆ.

ಈಗ ಸಂಖ್ಯೆ. ಆತ ತನ್ನ ಇಲಾಖೆಗೆ ಒಪ್ಪಿಸಿದ ಪಟ್ಟಿಯಲ್ಲಿ 2,140 ಹೆಸರುಗಳಿವೆ. ಒಂದೇ ವೀಸಾದ ಮೇಲೆ ಹೆಂಡತಿ ಮಕ್ಕಳೂ ಹೋದದ್ದುಂಟು, ಅಲ್ಲಿ ಲೆಕ್ಕ ಹೆಚ್ಚುತ್ತದೆ. ವೀಸಾ ಇದ್ದೂ ಹೊರಡಲಾಗದೆ ಉಳಿದವರುಂಟು, ಅಲ್ಲಿ ತಗ್ಗುತ್ತದೆ. ಆರು ಸಾವಿರ ಎನ್ನುವುದು ಅಂದಾಜು. ಅದನ್ನು ಅಂದಾಜು ಎಂದೇ ಬರೆ. ನೀನು ಹಿಂಬಾಲಿಸುವ ಪ್ರತಿ ಕುಟುಂಬಕ್ಕೂ ಒಂದು ಹಾಳೆ ಇಟ್ಟುಕೊಂಡು ಐದು ಕಾಗದ ಹುಡುಕು: ಕುರಸಾವೊ ಬರಹ, ಜಪಾನ್ ವೀಸಾ, ಸೋವಿಯತ್ ನಿರ್ಗಮನ ಪರವಾನಗಿ, ಸೋವಿಯತ್ ಸರ್ಕಾರಿ ಪ್ರವಾಸ ಸಂಸ್ಥೆ ಇಂಟೂರಿಸ್ಟ್‌ನ ಟಿಕೆಟ್, ತ್ಸುರುಗಾದಲ್ಲಿ ಇಳಿದ ದಾಖಲೆ. ಐದರಲ್ಲಿ ಒಂದು ತಪ್ಪಿದರೂ ದಾರಿ ಅಲ್ಲೇ ನಿಲ್ಲಬಹುದಿತ್ತು. ಟಿಕೆಟ್ಟಿಗೆ ಡಾಲರನ್ನೇ ಕೊಡಬೇಕಿತ್ತು, ಡಾಲರ್ ಇಟ್ಟುಕೊಳ್ಳುವುದೇ ಸೋವಿಯತ್ ಕಾನೂನಿನಲ್ಲಿ ಅಪರಾಧ. ಹಾಗಾಗಿ ಅಮೆರಿಕದ ಯಹೂದಿ ಪರಿಹಾರ ಸಂಸ್ಥೆಗಳು ಕಳಿಸಿದ ಹಣದ ಕಥೆ ಬಿಟ್ಟರೆ ನಿನ್ನ ರೈಲು ಮಾಸ್ಕೋ ದಾಟುವುದಿಲ್ಲ. ಅಷ್ಟು ದೂರ ಬಂದ ಮೇಲೂ, 1941ರಲ್ಲಿ, ಮುಂದಿನ ದೇಶದ ಕಾಗದವಿಲ್ಲದ ಒಂದು ಗುಂಪನ್ನು ತ್ಸುರುಗಾದಿಂದ ವ್ಲಾದಿವೊಸ್ತೋಕ್‌ಗೆ ವಾಪಸ್ ಕಳಿಸಿದರು.

ಇನ್ನೆರಡು ತಪ್ಪು, ಇವನ್ನು ಕ್ಷಮಿಸಲಾರೆ. ಕಾನ್ಸುಲೇಟಿನ ಗೇಟಿನ ಮುಂದೆ ನಿಂತವರನ್ನೆಲ್ಲ ‘ಲಿಥುವೇನಿಯದ ಯಹೂದಿಗಳು’ ಎಂದಿದ್ದೀಯ. ಹೆಚ್ಚಿನವರು 1939ರಲ್ಲಿ ಪೋಲೆಂಡ್ ಬಿದ್ದ ಮೇಲೆ ವಿಲ್ನಿಯಸ್ಸಿಗೆ ಓಡಿಬಂದ ನಿರಾಶ್ರಿತರು. 1940ರ ಆಗಸ್ಟ್ 3ರಂದು ಲಿಥುವೇನಿಯ ಸೋವಿಯತ್ ಒಕ್ಕೂಟಕ್ಕೆ ಸೇರಿತು, ಅಲ್ಲಿಯ ಪ್ರಜೆಗಳಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. 1941ರ ಜೂನ್‌ನಲ್ಲಿ ಜರ್ಮನ್ ಸೇನೆ ಬಂದ ಮೇಲೆ ಲಿಥುವೇನಿಯದ ಯಹೂದಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಕೊಲೆಯಾದರು. ಅವರಿಗೂ ನಿನ್ನ ಪುಸ್ತಕದಲ್ಲಿ ಜಾಗ ಬೇಕು. ಎರಡನೆಯದು, ಸಾಲಿನಲ್ಲಿ ನಿಂತ ಮುದುಕನ ಬಾಯಲ್ಲಿ ಗ್ಯಾಸ್ ಚೇಂಬರಿನ ಮಾತು ಹಾಕಿಸಿದ್ದೀಯ. 1940ರ ಜುಲೈನಲ್ಲಿ ಯಹೂದಿಗಳನ್ನು ಕೊಲ್ಲುವ ಶಿಬಿರಗಳೇ ಇನ್ನೂ ಇರಲಿಲ್ಲ. ಆ ಮುದುಕನನ್ನು ಆಗ ಕಾಡುತ್ತಿದ್ದದ್ದು ಹಿಂದೆ ಬಿಟ್ಟುಬಂದ ಜರ್ಮನ್ನರ ಭಯದ ಜೊತೆಗೆ ಸೋವಿಯತ್ತರು ಸೈಬೀರಿಯಕ್ಕೆ ಗಡೀಪಾರು ಮಾಡಿಯಾರೆಂಬ ಭಯ.

ಕೌನಾಸಿನ ಮರುದಿನವೇ ಸುಗಿಹಾರನನ್ನು ಕೆಲಸದಿಂದ ತೆಗೆದರೆಂಬ ಪುಟ ಹರಿದುಹಾಕು. ಪ್ರಾಗ್, ಕೋನಿಗ್ಸ್‌ಬರ್ಗ್, ಬುಖಾರೆಸ್ಟ್‌ಗಳಲ್ಲಿ ಆತ ಯುದ್ಧ ಮುಗಿಯುವವರೆಗೂ ಕೆಲಸದಲ್ಲಿದ್ದ. ಇಲಾಖೆ ಬಿಟ್ಟದ್ದು 1947ರಲ್ಲಿ. ವೀಸಾಗಳೇ ಕಾರಣವೆಂದು ಮನೆಯವರು ಹೇಳಿದ್ದಾರೆ. ಸೋತ ಜಪಾನ್ ಆಗ ತನ್ನ ವಿದೇಶಾಂಗ ಇಲಾಖೆಯನ್ನೇ ಕುಗ್ಗಿಸುತ್ತಿತ್ತು. ಎರಡನ್ನೂ ಬರೆ. ಒಳ್ಳೆಯವನೊಬ್ಬ ಸಿಕ್ಕ ಕೂಡಲೇ ಅವನಿಗೆ ಹುತಾತ್ಮನ ವೇಷ ತೊಡಿಸುವುದು ನಮ್ಮ ಪುರವಣಿಗಳಿಗೆ ಹತ್ತಿರುವ ಹಳೆಯ ಚಾಳಿ, ವರ್ಷಗಳಿಂದ ನೋಡಿ ಬೇಸತ್ತಿದ್ದೇನೆ. ನಿನ್ನಂಥವಳು ಅದಕ್ಕೆ ಬಲಿಯಾಗುವುದು ನನಗೆ ಬೇಡ. ‘ಓದಿ ಕಣ್ಣೀರು ಬಂತು’ ಎಂದು ಯಾರಾದರೂ ಹೊಗಳಿದರೆ ಯಾವ ಪುಟದಲ್ಲಿ ಎಂದು ಕೇಳು, ಆ ಪುಟವನ್ನು ದಾಖಲೆಯ ಜೊತೆ ಮತ್ತೆ ತಾಳೆ ನೋಡು.

ಸುಗಿಹಾರನಿಗೆ ಯಾದ್ ವಶೇಮ್ (ಯಹೂದಿ ನರಮೇಧದ ಇಸ್ರೇಲಿ ಸ್ಮಾರಕ ಸಂಸ್ಥೆ) ಗೌರವ ಬಂದದ್ದು 1984ರಲ್ಲಿ, ಆತ ಬದುಕಿದ್ದಾಗಲೇ. ಜ್ವಾರ್ಟೆಂಡೈಕ್ 1976ರಲ್ಲಿ ತೀರಿಕೊಂಡ, ಅವನಿಗೆ ಬಂದದ್ದು 1997ರಲ್ಲಿ. ಅಡಿಟಿಪ್ಪಣಿಯಿಂದ ಅವನನ್ನು ಮೇಲಕ್ಕೆತ್ತಿ ಪೂರ್ತಿ ಅಧ್ಯಾಯ ಕೊಡು, ಸುಗಿಹಾರನ ಅಧ್ಯಾಯಕ್ಕಿಂತ ಮುಂಚೆ ಇಡು. ಬಹಳಷ್ಟು ಜನರ ಕೈಗೆ ಮೊದಲು ಬಂದದ್ದು ಅವನ ಕಾಗದವೇ. ಅದನ್ನು ಬರೆದಾದ ಮೇಲೆ ಆ ಅಧ್ಯಾಯವನ್ನಷ್ಟೇ ನನಗೆ ಕಳಿಸು, ಉಳಿದದ್ದಕ್ಕೆ ಅವಸರವಿಲ್ಲ.

ಪ್ರೀತಿಯಿಂದ,
ನಿನ್ನ ಅಕ್ಕ