ಅವಿರೋಧ ಆಯ್ಕೆಗೆ ಅಡ್ಡ ನಿಂತ ಅವ್ವನಿಂದ ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ಕಾಲುವೆಗೆ ನೀರು ಬಂದು ಗಂಗಾವತಿ ಸುತ್ತಲಿನ ಗದ್ದೆಗಳಲ್ಲಿ ನಾಟಿ ಜೋರಾಗಿದೆ. ನಿಮ್ಮಪ್ಪ ನಸುಕಿನಲ್ಲಿ ಹೋದವರು ಮಧ್ಯಾಹ್ನದ ಊಟಕ್ಕೂ ಬರುವುದಿಲ್ಲ. ಮನೆಯಲ್ಲಿ ಸದ್ದಿಲ್ಲದ ಈ ಹೊತ್ತಿನಲ್ಲಿ, ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಬರೆಯಲು ಕುಳಿತಿದ್ದೇನೆ. "ಮೂವತ್ತೆರಡು ವರ್ಷ ಸಾಲಿಯೊಳಗ ದುಡಿದಿ, ಈಗ ಮತ್ತ ಈ ಉಸಾಬರಿ ಯಾಕ ಬೇಕವ್ವಾ ನಿನಗ?" ಎಂದೆ. ಆಗ ನನಗೆ ತಕ್ಕ ಮಾತು ಹೊಳೆಯಲಿಲ್ಲ. ಮರುದಿನ, ಊರಿನ ಜನರೇ ನಡೆಸುವ ನಮ್ಮ ಸಮುದಾಯ ಬಾನುಲಿ ಕೇಂದ್ರದ ಕಚೇರಿಗೆ ಹೋಗಿ, ಅದರ ಆಡಳಿತ ಮಂಡಳಿಯ ಚುನಾವಣೆಗೆ ನಾಮಪತ್ರ ಸಲ್ಲಿಸಿ ಬಂದೆ. ಅದೂ ಒಂದು ಉತ್ತರವೇ, ಆದರೆ ನಿನಗೆ ಅಷ್ಟು ಸಾಲದೆಂದು ಬಲ್ಲೆ.

ನೀನು ಹೆದರಿದಂತೆ ಇದು ಪಕ್ಷದ ರಾಜಕಾರಣವಲ್ಲ. ಸಮುದಾಯ ಬಾನುಲಿಯ ಪರವಾನಗಿಯನ್ನು ಕೇಂದ್ರ ಸರ್ಕಾರ ಯಾವ ವ್ಯಕ್ತಿಗೂ, ಯಾವ ರಾಜಕೀಯ ಪಕ್ಷಕ್ಕೂ, ಲಾಭಕ್ಕಾಗಿ ನಡೆಯುವ ಯಾವ ಸಂಸ್ಥೆಗೂ ಕೊಡುವುದಿಲ್ಲ. ನಮ್ಮ ಕೇಂದ್ರದ ಪರವಾನಗಿ ಇರುವುದು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರಡಿ ನೋಂದಾಯಿಸಿದ ಒಂದು ಸಂಘದ ಹೆಸರಿನಲ್ಲಿ. ವರ್ಷಕ್ಕೆ ನೂರು ರೂಪಾಯಿ ಕಟ್ಟಿದ ಕೇಳುಗರೆಲ್ಲರೂ ಅದರ ಸದಸ್ಯರು. ಆ ಸದಸ್ಯರು ಸರ್ವಸದಸ್ಯರ ಸಭೆಯಲ್ಲಿ ಮತ ಹಾಕಿ ಒಂಬತ್ತು ಜನರ ಆಡಳಿತ ಮಂಡಳಿಯನ್ನು ಆರಿಸಬೇಕೆಂದು ಬೈಲಾ ಹೇಳುತ್ತದೆ. ರೂಢಿ ಬೇರೆಯೇ ಇದೆ. ಕಳೆದ ಎರಡು ಅವಧಿಗಳಲ್ಲಿ ಹಿರಿಯರು ಒಂದು ಸಂಜೆ ಕುಳಿತು ಒಂಬತ್ತು ಹೆಸರು ಬರೆದರು, ಒಂಬತ್ತೇ ನಾಮಪತ್ರ ಬರುವಂತೆ ನೋಡಿಕೊಂಡರು, ಸಭೆಯಲ್ಲಿ ಹಾರ ಹಾಕಿ ಅವಿರೋಧ ಆಯ್ಕೆಯೆಂದು ಘೋಷಿಸಿದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಅವಿರೋಧ ಎಂಬ ಮಾತಿಗೆ ನಮ್ಮ ಕಡೆ ಎಷ್ಟು ಮರ್ಯಾದೆಯಿದೆ ಎಂಬುದು ನಿನಗೆ ಗೊತ್ತೇ ಇದೆ; ಒಂದು ನಾಮಪತ್ರ ಹೆಚ್ಚಾದರೆ ಊರಿನ ಒಗ್ಗಟ್ಟೇ ಒಡೆದಂತೆ ಜನ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಈ ಸಲ ಹತ್ತನೆಯ ನಾಮಪತ್ರ ನನ್ನದು.

ಹೀಗೆ ಮಾಡಲು ಕಾರಣವಾದ ಬೆಳಗಿನ ಬಗ್ಗೆ ನಿನಗೆ ಪೂರ್ತಿಯಾಗಿ ಎಂದೂ ಹೇಳಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟೆ ತುಂಬಿ ನಿಂತಿದ್ದ ಕಾಲ ಅದು. ಒಂದೇ ಕಡೆ ಒತ್ತಡ ಬೀಳದಿರಲೆಂದು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಟ್ಟರು. ಬೆಳಗಾಗುವಷ್ಟರಲ್ಲಿ ಒಬ್ಬೊಬ್ಬರ ಮೊಬೈಲಿನಲ್ಲೂ ಒಂದೊಂದು ಸುದ್ದಿ ಇತ್ತು. ಅಣೆಕಟ್ಟೆಯೇ ಒಡೆಯಿತಂತೆ, ಆನೆಗೊಂದಿಗೆ ನೀರು ನುಗ್ಗಿತಂತೆ, ಕಂಪ್ಲಿಯ ಕಡೆಗೆ ಯಾರೂ ಹೋಗುವಂತಿಲ್ಲವಂತೆ. ನಮ್ಮ ಓಣಿಯ ಒಬ್ಬಾಕೆ ಗೋಣಿಚೀಲಕ್ಕೆ ಪಾತ್ರೆ ತುಂಬಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿದೆ. ಅದರಲ್ಲಿ ಭಕ್ತಿಗೀತೆ ಬರುತ್ತಿತ್ತು. ಆರು ಗಂಟೆಯಿಂದ ಒಂಬತ್ತೂವರೆಯವರೆಗೆ ಒಂದಾದ ಮೇಲೊಂದು ಭಕ್ತಿಗೀತೆಯೇ ಬಂದಿತು.

ಅಂದು ಬೆಳಗಿನ ಪಾಳಿಯಲ್ಲಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ನದಿಯ ದಂಡೆಗೆ ಇಳಿಯಬೇಡಿ, ದನಕರುಗಳನ್ನು ದೂರ ಕಟ್ಟಿರಿ ಎಂಬ ಅಧಿಕಾರಿಗಳ ಸೂಚನೆ ಅವಳ ಕೈಯಲ್ಲೇ ಇತ್ತು. ಆದರೆ ಸಮುದಾಯ ಬಾನುಲಿಯಲ್ಲಿ ಸುದ್ದಿ ಓದುವಂತಿಲ್ಲ, ಓದಿದರೆ ಪರವಾನಗಿಯೇ ಹೋಗುತ್ತದೆ ಎಂದು ಕೆಲಸಕ್ಕೆ ಸೇರಿದ ದಿನವೇ ಯಾರೋ ಅವಳಿಗೆ ಹೆದರಿಸಿಟ್ಟಿದ್ದರು. ಮಂಡಳಿಯ ಮೂವರಿಗೆ ಫೋನ್ ಮಾಡಿದಳು. ಇಬ್ಬರ ಫೋನು ಸ್ವಿಚ್ ಆಫ್ ಆಗಿದ್ದವು. ಮೂರನೆಯವರು "ತಡಿಯವ್ವಾ, ಕೇಳಿ ಹೇಳತೀನಿ" ಎಂದು ಇಟ್ಟವರು ಮರಳಿ ಕರೆ ಮಾಡಲಿಲ್ಲ. ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಮಾತ್ರ ಇದ್ದಂತೆಯೇ ಮರುಪ್ರಸಾರ ಮಾಡಬಹುದು ಎಂಬ ನಿಯಮವಿರುವುದು ನಿಜ. ಆದರೆ ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆ, ನೀರು ಮತ್ತು ವಿದ್ಯುತ್ ಪೂರೈಕೆಯ ಬಗ್ಗೆ ಸ್ಥಳೀಯ ಆಡಳಿತ ಕೊಡುವ ಸೂಚನೆಗಳು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಆ ಕಾಗದ ಕಚೇರಿಯ ಅಲ್ಮೇರಾದಲ್ಲೇ ಇತ್ತು, ಕೀಲಿ ಅಧ್ಯಕ್ಷರ ಮನೆಯಲ್ಲಿತ್ತು.

ಮುಂದಿನ ಸಭೆಯಲ್ಲಿ ಈ ಮಾತು ಎತ್ತಬೇಕೆಂದು ಕಾದೆ. ಮಂಡಳಿಯ ಸಭೆಯೇ ಐದು ತಿಂಗಳು ಸೇರಲಿಲ್ಲ. ಸೇರಿದ ದಿನ ಬಾಗಿಲಲ್ಲಿ ನಿಂತು ಕೇಳಿದರೆ, ಆಗಿದ್ದು ಆಗಿಹೋಯಿತಲ್ಲ ಅಕ್ಕೋರ, ಈಗ ಯಾಕೆ ಎಂದರು. ಅಲ್ಲಿ ಅಣೆಕಟ್ಟೆಯ ಮೇಲೆ, ಹರಿಯುವ ನೀರಿನ ನಡುವೆಯೇ, ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಿ ನಿಲ್ಲಿಸಿದ್ದರು. ನಮ್ಮ ಮಂಡಳಿಗೆ ಒಂದು ಹಾಳೆಯ ನಿಯಮ ಬರೆಯಲು ಇಂದಿಗೂ ಆಗಿಲ್ಲ. ಪಾಳಿಯಲ್ಲಿರುವವರು ಇಂಥ ಸೂಚನೆ ಬಂದಾಗ ಯಾರನ್ನೂ ಕೇಳದೆ ಓದಬಹುದು, ಓದಿದ ಸಮಯವನ್ನು ಪುಸ್ತಕದಲ್ಲಿ ಬರೆದಿಡಬೇಕು, ತಪ್ಪಾದರೆ ಹೊಣೆ ಮಂಡಳಿಯದು, ಹುಡುಗಿಯದಲ್ಲ ಎಂದು ಬರೆದರೆ ಮುಗಿಯಿತು. ನಾನು ಚುನಾವಣೆಗೆ ನಿಂತಿರುವುದು ಮುಖ್ಯವಾಗಿ ಆ ಒಂದು ಹಾಳೆಗಾಗಿ.

ಇಷ್ಟು ಸಣ್ಣ ರೇಡಿಯೊಕ್ಕೆ ಇಷ್ಟೆಲ್ಲ ಏಕೆ ಎಂದು ನೀನು ನಕ್ಕೆ. ಸಣ್ಣದೇ ಸರಿ. ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ, ಕಂಬ 30 ಮೀಟರ್‌ಗಿಂತ ಎತ್ತರವಿರುವಂತಿಲ್ಲ. ಎರಡು ಹೋಬಳಿ ದಾಟಿದರೆ ನಮ್ಮ ದನಿ ಗೊರಗೊರ ಎನ್ನುತ್ತದೆ. ಆದರೂ ಇದು ಸುಲಭವಾಗಿ ಕೈಗೆ ಬಂದದ್ದಲ್ಲ. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಆ ಮಾತು ಜನರ ಸಂಘಗಳ ಬಾಗಿಲಿಗೆ ಬರಲು 2006ರ ಮಾರ್ಗಸೂಚಿಯವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ವಿದ್ಯಾಸಂಸ್ಥೆಗಳಿಗೆ ಮಾತ್ರ ಅವಕಾಶವಿತ್ತು. ಪರವಾನಗಿ ಸಿಗದ ಆ ಕಾಲದಲ್ಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಕೇಬಲ್ ತಂತಿ ಎಳೆದು ಮನೆಮನೆಗೆ ಊರಿನ ದನಿ ಮುಟ್ಟಿಸಿದ್ದರು. 2008ರಲ್ಲಿ, ಈಗಿನ ತೆಲಂಗಾಣದ ಒಣಭೂಮಿಯಾದ ಮೇದಕ್ ಸೀಮೆಯ ಮಾಚನೂರಿನಲ್ಲಿ, ದಲಿತ ಹೆಣ್ಣುಮಕ್ಕಳು ನಡೆಸುವ ಕೇಂದ್ರ ಶುರುವಾಯಿತು. ಅವರ ಮುಂದೆ ಬಿ.ಎಡ್. ಓದಿದ ನಾನು, ಒಂದು ಅರ್ಜಿ ಹಾಕಲು ಇಷ್ಟು ವರ್ಷ ಹಿಂದೆಮುಂದೆ ನೋಡಿದೆನಲ್ಲ ಎಂದು ನಾಚಿಕೆಯಾಗುತ್ತದೆ.

ಇನ್ನು ದುಡ್ಡಿನ ವಿಷಯ. ಇದನ್ನು ನೀನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತೀಯೆ. 2024ರ ಪರಿಷ್ಕೃತ ನಿಯಮದಂತೆ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು; ಮೊದಲು 7 ನಿಮಿಷವಿತ್ತು. ಸರ್ಕಾರಿ ಜಾಹೀರಾತಿನ ದರವೂ 10 ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿದೆ. ಹನ್ನೆರಡು ನಿಮಿಷವೂ ತುಂಬಿದರೆ ಗಂಟೆಗೆ 5,328 ರೂಪಾಯಿ ಆಗುತ್ತದೆ. ಕಾಗದದ ಮೇಲೆ ಈ ಲೆಕ್ಕ ಬಹಳ ಚೆಂದ ಕಾಣುತ್ತದೆ, ಆದರೆ ಹಾಗೆ ತುಂಬಿದ ಗಂಟೆಯನ್ನು ನಾನಿನ್ನೂ ಕಂಡಿಲ್ಲ. ಕರೆಂಟ್ ಬಿಲ್ಲು, ಯುಪಿಎಸ್ ಬ್ಯಾಟರಿ, ಹುಡುಗರ ಸಂಬಳ ಇವೆಲ್ಲ ತಿಂಗಳು ತಪ್ಪದೆ ಬರುತ್ತವೆ. ಸರ್ಕಾರದ ಹಣ ಬರುವುದು ಯಾವಾಗಲೋ. ಹೀಗೆ ಬಿಗಿಯಾದ ಒಂದು ತಿಂಗಳು, ಸಂಜೆ ಏಳರ ಹೆಣ್ಣುಮಕ್ಕಳ ಗಂಟೆಯನ್ನು ಒಬ್ಬ ಗೊಬ್ಬರದ ವ್ಯಾಪಾರಿಯ ಸಿದ್ಧ ಕಾರ್ಯಕ್ರಮಕ್ಕೆ ಒಪ್ಪಿಸಿಬಿಟ್ಟರು. ನಾಟಿಯ ಪದ, ಬೀಸುವ ಪದ, ಬಾಣಂತನದ ಮಾತುಕತೆ, ಸ್ವಸಹಾಯ ಸಂಘದ ಸಾಲದ ಲೆಕ್ಕ ಎಲ್ಲವೂ ಹೋಗಿ, ದೂರದ ಯಾವುದೋ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿದ ಗೊಬ್ಬರದ ಗುಣಗಾನ ಬಂದಿತು. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಸ್ಥಳೀಯ ಜನರ ಪಾಲ್ಗೊಳ್ಳುವಿಕೆಯಿಂದಲೇ ತಯಾರಿಸಬೇಕೆಂಬ ನಿಯಮಕ್ಕೆ ಇದು ಸರಿಯೇ ಎಂದು ಕೇಳಿದಾಗ, ಠರಾವು ಆಗಿದೆ ಎಂದರು. ನಡಾವಳಿ ಪುಸ್ತಕ ತೋರಿಸಿರೆಂದೆ. ಅದನ್ನು ನಾನಿನ್ನೂ ನೋಡಿಲ್ಲ. ಆ ವ್ಯಾಪಾರಿಯ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಿದ, ಇವರು ಕೊಟ್ಟರು.

ಮಂಡಳಿ ತನ್ನನ್ನು ತಾನೇ ಆರಿಸಿಕೊಳ್ಳುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬರ್ಕ್ಲಿ ಊರಿನ ಕೆಪಿಎಫ್‌ಎ ಕೇಂದ್ರದ ಕಥೆ ಓದಿದ್ದೇನೆ. ಕೇಳುಗರ ಹಣದಿಂದಲೇ ನಡೆಯಬೇಕೆಂದು 1949ರಲ್ಲಿ ಶುರುವಾದ ಕೇಂದ್ರವದು. ಐವತ್ತು ವರ್ಷಗಳ ನಂತರ, 1999ರಲ್ಲಿ, ಅದರ ಒಡೆತನದ ಪೆಸಿಫಿಕಾ ಸಂಸ್ಥೆಯ ಮಂಡಳಿಗೂ ಕೇಂದ್ರದ ಕೆಲಸಗಾರರಿಗೂ ಜಗಳವಾಗಿ, ಕೆಲಸಗಾರರನ್ನು ಹೊರಹಾಕಿ ಬಾಗಿಲು ಮುಚ್ಚಿದರು. ಸಾವಿರಾರು ಕೇಳುಗರು ಬೀದಿಗಿಳಿದರು. ಮುಂದೆ ಕೋರ್ಟು ಕಚೇರಿ ಎಲ್ಲ ಆಗಿ, ಕೇಂದ್ರದ ಮಂಡಳಿಯನ್ನು ಕೇಳುಗ ಸದಸ್ಯರೇ ಮತ ಹಾಕಿ ಆರಿಸುವ ಪದ್ಧತಿ ಬಂದಿತು. ಹಾಗೆ ಮತ ಬಂದ ಮೇಲೂ ಅಲ್ಲಿ ಜಗಳ ನಿಂತಿಲ್ಲವೆನ್ನುತ್ತಾರೆ. ಅದನ್ನೂ ನಿನಗೆ ಹೇಳದಿದ್ದರೆ ಮೋಸವಾಗುತ್ತದೆ.

ಹಿರಿಯರು ಮನೆಗೆ ಬಂದಿದ್ದರು. ಚಹಾ ಕುಡಿದರು, ಬಹಳ ಗೌರವದಿಂದಲೇ ಮಾತನಾಡಿದರು. "ಅಕ್ಕೋರ, ನೀವು ಹಿಂದಕ್ಕ ತಗೊಂಡ್ರ ಅವಿರೋಧ ಆಗ್ತದ್ರಿ, ಸಲಹಾ ಸಮಿತಿಯೊಳಗ ನಿಮಗೊಂದು ಜಾಗ ಕೊಡ್ತೀವಿ" ಎಂದರು. ಕಾರ್ಯಕ್ರಮಗಳ ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಲೇಬೇಕೆಂದು 2024ರ ನಿಯಮವೇ ಹೇಳಿದೆ. ಹಾಗಾಗಿ ಅವರು ಕೊಡುತ್ತೇನೆಂದದ್ದು ಹೇಗೂ ಹೆಣ್ಣುಮಕ್ಕಳಿಗೆ ಸೇರಿದ ಜಾಗ. ಸಲಹೆ ಅಲ್ಲಿ, ಖಜಾನೆ ಇಲ್ಲಿ, ನಾನು ಖಜಾನೆ ಇರುವ ಕೋಣೆಯಲ್ಲಿ ಕೂರುತ್ತೇನೆ ಎಂದೆ. ನಿಮ್ಮಪ್ಪ ಒಳಗಿನಿಂದ ಕೆಮ್ಮಿದರು. ಅದು ಒಪ್ಪಿಗೆಯ ಕೆಮ್ಮೋ ಎಚ್ಚರಿಕೆಯ ಕೆಮ್ಮೋ, ನಾನು ಕೇಳಲು ಹೋಗಲಿಲ್ಲ.

ನಾಮಪತ್ರ ಹಾಕಿದ ದಿನದಿಂದ ನಾನು ಮೈಕಿನ ಮುಂದೆ ಕುಳಿತಿಲ್ಲ. ಹಾಗೆಂದು ಬೈಲಾದಲ್ಲೇನೂ ಇಲ್ಲ, ನಾನೇ ಬೇಡವೆಂದೆ. ವಾರಕ್ಕೆರಡು ಬಾರಿ ನನ್ನ ದನಿ ಕೇಳಿಸುತ್ತಿದ್ದರೆ, ಉಳಿದ ಅಭ್ಯರ್ಥಿಗಳಿಗೆ ಅಷ್ಟರ ಮಟ್ಟಿಗೆ ಅನ್ಯಾಯವಾಗುತ್ತದೆ. ಬುಧವಾರ ಸಂಜೆಗಳಲ್ಲಿ ಮಾತ್ರ ಕೈಕಾಲು ಆಡುವುದಿಲ್ಲ.

ಮತ ಕೇಳಲು ಒಂದು ತಾಂಡಾಕ್ಕೆ ಹೋಗಿದ್ದೆ. ಅಲ್ಲಿಯ ಮುದುಕಿಯೊಬ್ಬಳು, ನಿಮ್ಮ ರೇಡಿಯೊ ನಮ್ಮ ಗುಡ್ಡದ ಹಿಂದಕ್ಕೆ ಬರುವುದೇ ಇಲ್ಲ, ಬಂದರೂ ನಮ್ಮ ಮಾತಿನಲ್ಲಿ ಇರುವುದಿಲ್ಲ, ನಾವೇಕೆ ನೂರು ರೂಪಾಯಿ ಕಟ್ಟಬೇಕು ಎಂದು ಕೇಳಿದಳು. ಗುಡ್ಡವನ್ನು ಸರಿಸಲು ನನ್ನಿಂದಾಗದು, 100 ವ್ಯಾಟಿನ ಮಿತಿಯನ್ನು ಏರಿಸುವುದೂ ನನ್ನ ಕೈಯಲ್ಲಿಲ್ಲ ಎಂದು ಹೇಳಿದೆ. ಲಂಬಾಣಿ ಮಾತಿನಲ್ಲಿ ವಾರಕ್ಕೆ ಅರ್ಧ ಗಂಟೆಯನ್ನು ಮಂಡಳಿಯಲ್ಲಿ ಕೇಳುತ್ತೇನೆ, ಪ್ರಸಾರವಾದದ್ದನ್ನು ಹುಡುಗರ ಮೊಬೈಲಿಗೆ ಮುಟ್ಟಿಸುತ್ತೇನೆ ಎಂದು ಮಾತ್ರ ಮಾತು ಕೊಟ್ಟೆ. ಆಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಜೋಳದ ರೊಟ್ಟಿ ಕೊಟ್ಟಳು. ಕಾಲುವೆಯ ಕೆಳಗೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ತೆಲುಗಿನಲ್ಲಿ ಇದೇ ಪ್ರಶ್ನೆ ಬಂದಿತು. ಅವರಿಗೆ ಏನು ಹೇಳಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ, ಏಕೆಂದರೆ ಸಂಜೆಯ ಪ್ರಸಾರಕ್ಕೆ ಇರುವುದು ಮೂರೇ ಗಂಟೆ.

ಗೆಲ್ಲುತ್ತೇನೆಯೇ ಎಂದು ಕೇಳಬೇಡ. ಸದಸ್ಯರ ಪಟ್ಟಿಯಲ್ಲಿ ಅರ್ಧದಷ್ಟು ಜನ ಹಣ ಬಾಕಿ ಉಳಿಸಿಕೊಂಡಿದ್ದಾರೆ. ಬಾಕಿದಾರರಿಗೆ ಮತವಿಲ್ಲವೆಂದು ಬೈಲಾದಲ್ಲಿದೆ. ಸೋತರೂ ಮತಪೆಟ್ಟಿಗೆಯೊಂದು ನಮ್ಮ ಕಚೇರಿಗೆ ಬಂದಂತಾಗುತ್ತದೆ. ಸದ್ಯಕ್ಕೆ ಅದನ್ನು ಶಾಲೆಯ ಹಳೆಯ ಡಬ್ಬಿಗೆ ಬೀಗ ಹಾಕಿ ಮಾಡುತ್ತಿದ್ದಾರೆ.

ನಿನ್ನಿಂದ ಎರಡು ಕೆಲಸವಾಗಬೇಕು. ಕಳೆದ ಮೂರು ವರ್ಷಗಳ ಆಯವ್ಯಯ ಪಟ್ಟಿಯ ನಕಲು ಕಷ್ಟಪಟ್ಟು ದೊರಕಿಸಿಕೊಂಡಿದ್ದೇನೆ, ಇದರೊಂದಿಗೆ ಇಟ್ಟಿದ್ದೇನೆ. ದಿನವಿಡೀ ಲೆಕ್ಕಪತ್ರಗಳನ್ನೇ ನೋಡುವವಳು ನೀನು, ಸಭೆಯಲ್ಲಿ ನಾನು ಏನು ಕೇಳಬೇಕೆಂದು ಪೆನ್ಸಿಲಿನಿಂದ ಗುರುತು ಹಾಕಿ ಕಳುಹಿಸು. ಎರಡನೆಯದು, ಆ ಒಂದು ಹಾಳೆಯ ಕರಡನ್ನೂ ಇಟ್ಟಿದ್ದೇನೆ. ಬೆಳಗಿನ ಆರು ಗಂಟೆಗೆ, ಹೆದರಿದ ಹುಡುಗಿಯೊಬ್ಬಳು ಒಂದೇ ಓದಿಗೆ ಅರ್ಥ ಮಾಡಿಕೊಳ್ಳುವಷ್ಟು ಸರಳವಾಗಿದೆಯೇ ನೋಡು. ಮೇಷ್ಟ್ರುಗಿರಿಯ ವಾಕ್ಯಗಳಿದ್ದರೆ ಹೊಡೆದುಹಾಕು.

ಸಭೆ ಮುಂದಿನ ಭಾನುವಾರ ಹನ್ನೊಂದಕ್ಕೆ. ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯಬಹುದು, ನಿಮ್ಮಪ್ಪ ಕರೆತರಲು ಬರುತ್ತಾರೆ. ನಿನ್ನ ಹೆಸರೂ ಪಟ್ಟಿಯಲ್ಲಿದೆ, ಆದರೆ ಎರಡು ವರ್ಷಗಳ ಬಾಕಿ ಇನ್ನೂರು ರೂಪಾಯಿ ಇರುವುದರಿಂದ ನಿನಗೆ ಮತವಿಲ್ಲ. ನಾನೇ ಕಟ್ಟಿಬಿಡಬಹುದಿತ್ತು, ಆದರೆ ಅಭ್ಯರ್ಥಿಯಾದವಳು ಬೇರೆಯವರ ಬಾಕಿ ಕಟ್ಟಬಾರದು, ಮಗಳದ್ದಾದರೂ. ಶುಕ್ರವಾರದೊಳಗೆ ನೀನೇ ಕಟ್ಟಿ ರಸೀದಿ ತೆಗೆದುಕೋ.

ಇಂತು ನಿನ್ನ
ಅವ್ವ