ಪರಿಹಾರ ಇದೆ, ಹೇಳುವವರಿಲ್ಲ

ಸಂಪಾದಕರೇ,

ಜೋಗೇಶ್ವರಿಯ ನಮ್ಮ ಚಾಳಿನಲ್ಲಿ ವಿಜಯಪುರ ಕಡೆಯ ಅಕ್ಕ ಒಬ್ಬರಿದ್ದಾರೆ. ನಾಲ್ಕು ಮನೆಯ ಪಾತ್ರೆ ತೊಳೆದು ಬದುಕುವವರು. ಕಳೆದ ವರ್ಷ ರಾತ್ರಿಪಾಳಿ ಮುಗಿಸಿ ಬರುತ್ತಿದ್ದ ಅವರ ಗಂಡನಿಗೆ ಯಾರೋ ಚಾಕುವಿನಿಂದ ಇರಿದು ಮೊಬೈಲ್ ಕಿತ್ತುಕೊಂಡು ಓಡಿದರು. ಬಲಗೈ ಬೆರಳು ಇನ್ನೂ ಮಡಚಲು ಬರುವುದಿಲ್ಲ. ಎಫ್‌ಐಆರ್, ಆಸ್ಪತ್ರೆ ಬಿಲ್ಲು, ಒತ್ತೆ ಇಟ್ಟ ಬಂಗಾರದ ಚೀಟಿ, ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿವೆ. ಕಳ್ಳ ಸಿಕ್ಕಿಲ್ಲ, ಇನ್ನು ಯಾರನ್ನು ಕೇಳುವುದು ಅಂತ ಸುಮ್ನೆ ಕೂತಿದ್ದರು.

ಆದರೆ ಅಪರಾಧಿ ಪತ್ತೆಯಾಗದಿದ್ದರೂ ಅಪರಾಧಕ್ಕೆ ಸಿಕ್ಕಿ ನೊಂದವರು ಸರ್ಕಾರದ ಪರಿಹಾರ ಹಣಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಇದಕ್ಕೆ ಆಧಾರ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 357ಎ ಕಲಂ, 2024ರಿಂದ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ. ಅರ್ಜಿಯ ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು. ನನಗೂ ಮೊನ್ನೆವರೆಗೆ ಇದು ಗೊತ್ತಿರಲಿಲ್ಲ. ಪರಿಹಾರದ ಯೋಜನೆ ಮಾತ್ರ ರಾಜ್ಯಕ್ಕೊಂದು. ಒಂದೇ ಗಾಯಕ್ಕೆ ಸೊಲ್ಲಾಪುರದಲ್ಲಿ ಒಂದು ಲೆಕ್ಕ, ಗಡಿಯಾಚೆ ಕರ್ನಾಟಕದ ಇಂಡಿಯಲ್ಲಿ ಇನ್ನೊಂದು ಲೆಕ್ಕ ಆಗಬಾರದು ಅಲ್ವಾ?

ಅತ್ಯಾಚಾರ, ಆಸಿಡ್ ದಾಳಿಗೆ ಒಳಗಾದವರಿಗೆ ಮಹಾರಾಷ್ಟ್ರದಲ್ಲಿ 2013ರಿಂದ ಮನೋಧೈರ್ಯ ಎಂಬ ಪ್ರತ್ಯೇಕ ಪರಿಹಾರ ಯೋಜನೆ ಇದೆ, ಅದು ಬೇಕೇ ಬೇಕು. ಇರಿತಕ್ಕೆ ಸಿಕ್ಕಿ ಕೈಯ ಬಲ ಕಳೆದುಕೊಂಡ ಕೂಲಿಯವನನ್ನೂ ಸರ್ಕಾರ ನೆನಪಿಡಲಿ. ಎಫ್‌ಐಆರ್ ಪ್ರತಿಯ ಜೊತೆಗೇ ಪೊಲೀಸರು ಪರಿಹಾರದ ಅರ್ಜಿಯನ್ನೂ ಕೈಗೆ ಕೊಡಲಿ. ಅಕ್ಕನ ಅರ್ಜಿಯನ್ನು ಕಳೆದ ಸೋಮವಾರ ಚಾಳಿನವರೇ ಸೇರಿ ಬರೆದು ಹಾಕಿದೆವು.

– ಓದುಗ, ಜೋಗೇಶ್ವರಿ, ಮುಂಬೈ